ಹೇಗೂ ಗಣಿಯ ಊರು ತಾನೇ?

ಕೈಗಾದ ಹೆಸರು ಬಂದಾಗ ನಮ್ಮ ಎದೆ ಉಬ್ಬುತ್ತದೆ. ಅಲ್ಲಿನ ಒಂದನೇ ಘಟಕ ಎಡೆಬಿಡದೆ 962 ದಿನ ಓಡಿ, 2018ರ ಕೊನೆಯ ದಿನ ಅಂದಿನ ವಿಶ್ವದಾಖಲೆಯೊಂದಿಗೆ ನಿಂತಾಗ ಹೊರನಾಡಿನಲ್ಲಿರುವ ನಾವೂ ಸಂತೋಷಪಟ್ಟೆವು. ಅಷ್ಟು ದಿನ ಉರಿದ ಇಂಧನ ಯಾವ ಊರಿನ ನೆಲದ್ದೆಂದು ಮಾತ್ರ ನಾವು ಯಾರೂ ಕೇಳಲಿಲ್ಲ.

ಕೈಗಾ ಅಂತರರಾಷ್ಟ್ರೀಯ ತಪಾಸಣೆಯ ಹೊರಗಿರುವ ಸ್ಥಾವರ. ಆದ್ದರಿಂದ ಅದಕ್ಕೆ ಸ್ವದೇಶದ ಯುರೇನಿಯಂ ಬೇಕು. ಆಂಧ್ರದ ತುಮ್ಮಲಪಲ್ಲಿ ಸೇರಿಕೊಂಡದ್ದು ಈಚೆಗೆ. ಅದಕ್ಕೆ ಮೊದಲು ದಶಕಗಳ ಕಾಲ ಜಾರ್ಖಂಡದ ಜಾದುಗುಡಾ ಸುತ್ತಿನ ಗಣಿಗಳೇ ಆಧಾರ. ಅಲ್ಲಿಂದ ಹಳದಿ ಪುಡಿ ಹೈದರಾಬಾದಿಗೆ ಹೋಗಿ, ಇಂಧನವಾಗಿ ನಮ್ಮ ಕಾರವಾರದ ಕಾಡಿಗೆ ಬರುತ್ತದೆ.

ಸಿಂಗಭೂಮಿ ಪ್ರಾಚೀನ ಕಾಲದಿಂದಲೂ ತಾಮ್ರದ ನಾಡು. ಘಾಟ್‌ಶಿಲಾ, ಮೋಸಾಬನಿ, ರಾಖಾ ಎಲ್ಲ ತಾಮ್ರದ ಹೆಸರುಗಳು. ಆ ಪಟ್ಟಿಯಲ್ಲೇ 1951ರಲ್ಲಿ ಯುರೇನಿಯಂ ಪತ್ತೆಯಾಯಿತು. 1967ರಲ್ಲಿ ಯುರೇನಿಯಂ ನಿಗಮ ಹುಟ್ಟಿತು. ಭಾಟಿನ್, ನರವಾಪಹಾಡ್, ತುರಾಮ್‌ಡಿಹ್, ಬಂಡುಹುರಂಗ್ ಎಂದು ಗಣಿಗಳು ಬೆಳೆದವು. ಹೊಸ ನಿಕ್ಷೇಪ ಹುಡುಕುವವರ ಬೈರಿಗೆ ಬಂದಾಗಲೆಲ್ಲ ಪಟ್ಟಣದ ಜಾಣರು ಹೇಳುವ ಮಾತು ಒಂದೇ: ಹೇಗೂ ಗಣಿಯ ಊರು ತಾನೇ, ಇನ್ನೊಂದು ತೂತಿನಿಂದ ಏನಾದೀತು?

ಈ ಮಾತನ್ನು ನಾವು ಒಪ್ಪುವುದಿಲ್ಲ. ಸಾಲ ತೀರಿಸದವನು ಹಳೇ ಗಿರಾಕಿ ಎಂಬ ಸಲಿಗೆಯಲ್ಲಿ ಮತ್ತೆ ಕೈಚಾಚಿದಂತಿದೆ ಇದು. ಜಾದುಗುಡಾದ ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಉಳಿದದ್ದೆಲ್ಲ ಪುಡಿಯಾಗಿ, ರಾಡಿಯಾಗಿ ಹಳ್ಳಿಗಳ ಪಕ್ಕದ ಕೊಳಗಳಲ್ಲಿ ಬಿದ್ದಿರುತ್ತದೆ. ಯುರೇನಿಯಂ ತೆಗೆದ ಮೇಲೂ ಅದಿರಿನ ವಿಕಿರಣದ ಬಹುಪಾಲು ಆ ರಾಡಿಯಲ್ಲೇ ಉಳಿಯುತ್ತದೆ. ಅದರಲ್ಲಿರುವ ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ರಾಡಿ ಸಾಗಿಸುವ ಕೊಳವೆ 2006ರ ಡಿಸೆಂಬರಿನಲ್ಲಿ ಒಡೆದು ಹಳ್ಳಕ್ಕೆ ಹರಿಯಿತು. ಮರುವರ್ಷ ವೈದ್ಯರ ಸಂಘಟನೆಯೊಂದು ಸಮೀಕ್ಷೆ ನಡೆಸಿ, ಗಣಿಯ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಅಂಗವೈಕಲ್ಯವುಳ್ಳ ಮಕ್ಕಳು ಹೆಚ್ಚೆಂದಿತು. ವಿಕಿರಣ ಮಿತಿಯೊಳಗಿದೆ ಎಂಬುದು ನಿಗಮದ ವಾದ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು, ಇಬ್ಬರಿಗೂ ಸೇರದ ತಜ್ಞರು ಬೇಡವೇ?

ನಾವು ವಿಜ್ಞಾನದ ವೈರಿಗಳಲ್ಲ. ಮುಂಬಯಿಯಲ್ಲಿರುವ ನಮ್ಮ ಎಷ್ಟೋ ಮನೆಗಳು ಟ್ರಾಂಬೆಯ ಸಂಬಳದಲ್ಲಿ ಬೆಳೆದಿವೆ. ರಾಜಾ ರಾಮಣ್ಣನವರು ನಮ್ಮ ತುಮಕೂರಿನವರೆಂದು ಹೇಳಿಕೊಳ್ಳದ ಕನ್ನಡಿಗನುಂಟೇ? (ಅವರು ಪಿಯಾನೋ ನುಡಿಸುತ್ತಿದ್ದರೆಂಬುದನ್ನೂ ಸೇರಿಸಿಯೇ ಹೇಳುತ್ತೇವೆ.) ಹುಡುಕಬೇಡಿ ಎಂದೂ ನಾವು ಹೇಳುತ್ತಿಲ್ಲ. ಆದರೆ ನೆಲದೊಳಗೆ ಏನಿದೆಯೆಂದು ನೂರಾರು ಮೀಟರ್ ಆಳಕ್ಕೆ ಅಳೆಯಬಲ್ಲವರಿಗೆ, ಮೇಲಿನ ಬಾವಿಯ ನೀರಿನಲ್ಲಿ ಏನಿದೆಯೆಂದು ಅಳೆದು ಹೋ, ಸಂತಾಲಿ ಭಾಷೆಗಳಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸುವುದು ಕಷ್ಟವೇ?

ಯಾದಗಿರಿಯ ಗೋಗಿಯಲ್ಲೂ ನಿಕ್ಷೇಪ ಸಿಕ್ಕಿದೆ, ಜನ ಬೇಡವೆಂದಿದ್ದಾರೆ. ಗೋಗಿಗಾದರೆ ನಮ್ಮವರೆಂದು ಕರಗುವ ನಾವು ಜಾದುಗುಡಾದ ವಿಷಯದಲ್ಲಿ ದೇಶದ ಹಿತದ ಮಾತಾಡಿದರೆ ಅದು ಇಬ್ಬಗೆಯ ನ್ಯಾಯ. ಸಿಂಗಭೂಮಿಯಲ್ಲಿ ಹೊಸ ಬೈರಿಗೆ ಇಳಿಯುವ ಮೊದಲು ಹಳೆಯ ರಾಡಿಕೊಳಗಳ ಲೆಕ್ಕ ಹೊರಬರಲಿ, ಸ್ವತಂತ್ರ ವೈದ್ಯರ ತಪಾಸಣೆ ನಡೆಯಲಿ, ಕೊರೆದುಬಿಟ್ಟ ಪ್ರತಿ ತೂತಿಗೂ ಸಿಮೆಂಟು ಬೀಳಲಿ. ಆ ಕೆಲಸದ ಖರ್ಚನ್ನು ಕರೆಂಟಿನ ಬಿಲ್ಲಿಗೆ ಸೇರಿಸುವುದಾದರೆ ಸೇರಿಸಲಿ. ನಾವು ಕೊಡಲು ಸಿದ್ಧ.