ಕತ್ತಿಗೆ ಕೈ ಹಾಕುವ ಮುನ್ನ: ವಿಆರ್ ಕನ್ನಡಕ ವಿವೇಕ ಕಲಿಸೀತೇ?

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ರೈತರ ಮನೆಗಳಲ್ಲಿ ಕತ್ತಿ, ಕುಡುಗೋಲು, ಮಚ್ಚುಗಳು ನಿತ್ಯದ ಸಲಕರಣೆಗಳು. ಅಡಿಕೆ ಸುಲಿಯಲು, ಮೇವು ಕೊಯ್ಯಲು, ಮೆಕ್ಕೆಜೋಳ ಕಟಾವಿಗೆ ಅವು ಬೇಕೇ ಬೇಕು. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಆಯುಧಗಳನ್ನು ನಿಯಂತ್ರಿಸುವ ಶಸ್ತ್ರಾಸ್ತ್ರ ನಿಯಮಗಳೂ ಗೃಹಬಳಕೆ ಮತ್ತು ಕೃಷಿ ಉಪಕರಣಗಳಿಗೆ ವಿನಾಯಿತಿ ನೀಡಿವೆ. ಹೀಗಾಗಿ ಕತ್ತಿಯನ್ನು ಹದಿಹರೆಯದವರಿಂದ ದೂರವಿಡುವುದು ಕಾನೂನೊಂದರಿಂದಲೇ ಆಗುವ ಕೆಲಸವಲ್ಲ. ಕತ್ತಿಯತ್ತ ಕೈ ಚಾಚುವ ಮುನ್ನಿನ ಕ್ಷಣದಲ್ಲಿ ಮನಸ್ಸನ್ನು ತಡೆಯುವ ಬಗೆ ಹೇಗೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಈ ಪ್ರಶ್ನೆಯ ಗಾಂಭೀರ್ಯವನ್ನು ಹುಬ್ಬಳ್ಳಿಯ ಘಟನೆಗಳು ಮನಗಾಣಿಸಿವೆ. 2024ರ ಏಪ್ರಿಲ್‌ನಲ್ಲಿ ಕಾಲೇಜು ಆವರಣದಲ್ಲಿಯೇ ವಿದ್ಯಾರ್ಥಿನಿಯೊಬ್ಬಳು ಚಾಕು ಇರಿತಕ್ಕೆ ಬಲಿಯಾದಳು. 2025ರ ಮೇ ತಿಂಗಳಲ್ಲಿ 6ನೇ ತರಗತಿಯ ಬಾಲಕನೊಬ್ಬ ಕ್ಷುಲ್ಲಕ ಜಗಳದಲ್ಲಿ ತನಗಿಂತ ಹಿರಿಯ ಬಾಲಕನನ್ನು ಇರಿದ ಪ್ರಕರಣ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಬಾಲನ್ಯಾಯ ಕಾಯ್ದೆ 2015ರ ಅನ್ವಯ, ಘೋರ ಅಪರಾಧ ಎಸಗಿದ 16ರಿಂದ 18ರ ವಯೋಮಾನದವರನ್ನು ಪ್ರಾಥಮಿಕ ಪರಾಮರ್ಶೆಯ ಬಳಿಕ ವಯಸ್ಕರಂತೆ ವಿಚಾರಣೆಗೊಳಪಡಿಸಲು ಅವಕಾಶವಿದೆ. ಆದರೆ ಆ ಕಾಯ್ದೆ ಕೆಲಸ ಮಾಡುವುದು ರಕ್ತ ಹರಿದ ಮೇಲೆ.

ಬರ್ಮಿಂಗ್‌ಹ್ಯಾಮ್ ಪ್ರಯೋಗ

ಮುಂಚಿತ ತಡೆಗಾಗಿ ಬ್ರಿಟನ್‌ನಲ್ಲಿ ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ತಂತ್ರಜ್ಞಾನದ ಮೊರೆ ಹೋಗಲಾಗಿದೆ. ಬರ್ಮಿಂಗ್‌ಹ್ಯಾಮ್‌ನ ರೌಂಡ್ ಮಿಡ್‌ನೈಟ್ ಸಂಸ್ಥೆ ರೂಪಿಸಿದ 'ವರ್ಚುವಲ್ ಡಿಸಿಷನ್ಸ್' ಕಾರ್ಯಕ್ರಮ ಇದಕ್ಕೆ ನಿದರ್ಶನ. ಕನ್ನಡಕದಂಥ ಸಾಧನ ಧರಿಸಿದ ವಿದ್ಯಾರ್ಥಿ ತಾನೇ ಕಥೆಯ ಪಾತ್ರವಾಗುತ್ತಾನೆ. ಚಾಕು ಇಟ್ಟುಕೊಳ್ಳುವಂತೆ ಗೆಳೆಯರು ಒತ್ತಾಯಿಸಿದಾಗ ಒಪ್ಪಬೇಕೋ, ನಿರಾಕರಿಸಬೇಕೋ ಎಂಬುದನ್ನು ಆತನೇ ನಿರ್ಧರಿಸಬೇಕು. ಅದಕ್ಕೆ ತಕ್ಕಂತೆ ಕಥೆ ತಿರುವು ಪಡೆಯುತ್ತದೆ. ಬಳಿಕ ಗುಂಪು ಚರ್ಚೆ ನಡೆಯುತ್ತದೆ. ಉಪದೇಶ ಕೇಳುವುದಕ್ಕೂ ನಿರ್ಧಾರವನ್ನು ಅಭ್ಯಾಸ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಈ ವಿಧಾನದ ತಿರುಳು.

ಇದಕ್ಕೆ ಪೂರಕವಾದ ಅಧ್ಯಯನವೊಂದು 2018ರಲ್ಲಿ ಬಾರ್ಸಿಲೋನಾ ಸಂಶೋಧಕರಿಂದ ಪ್ರಕಟವಾಯಿತು. ಕೌಟುಂಬಿಕ ಹಿಂಸೆಯ ಅಪರಾಧಿಗಳನ್ನು ವಿಆರ್ ಮೂಲಕ ಹಿಂಸೆಗೊಳಗಾದ ಮಹಿಳೆಯ ಸ್ಥಾನದಲ್ಲಿ ನಿಲ್ಲಿಸಿದಾಗ, ಮಹಿಳೆಯರ ಮುಖದಲ್ಲಿನ ಭಯವನ್ನು ಗುರುತಿಸುವ ಅವರ ಸಾಮರ್ಥ್ಯ ಹೆಚ್ಚಿತು. ಆದರೆ ಅವರಿಂದ ಮುಂದೆ ಹಿಂಸಾಕೃತ್ಯಗಳು ಕಡಿಮೆಯಾದವೇ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ.

ಭಯವೇ ಮದ್ದಲ್ಲ

ಎಚ್ಚರ ವಹಿಸಬೇಕಾದುದು ಇಲ್ಲಿಯೇ. ರಕ್ತ, ಶವ ತೋರಿಸಿ ಮಕ್ಕಳನ್ನು ಬೆದರಿಸುವುದಕ್ಕೆ ಈ ಸಾಧನ ಬಳಕೆಯಾದರೆ ಫಲ ತಿರುಗುಮುರುಗಾಗಬಹುದು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ 'ಸ್ಕೇರ್ಡ್ ಸ್ಟ್ರೇಟ್' ಯೋಜನೆ ಭಾರೀ ಜನಪ್ರಿಯವಾಯಿತು. ಅಂಥ ಯೋಜನೆಗಳಲ್ಲಿ ಪಾಲ್ಗೊಂಡವರೇ ಇತರರಿಗಿಂತ ಹೆಚ್ಚು ಅಪರಾಧ ಎಸಗಿದ್ದು ನಂತರದ ಪರಿಶೀಲನೆಗಳಿಂದ ಬಯಲಾಯಿತು.

ಇದಕ್ಕೆ ವ್ಯತಿರಿಕ್ತವಾಗಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2005ರಲ್ಲಿ ಪೊಲೀಸರು ಸ್ಥಾಪಿಸಿದ ಹಿಂಸಾಚಾರ ತಡೆ ಘಟಕವು ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ಪರಿಗಣಿಸಿತು. ಶಾಲೆ, ಆಸ್ಪತ್ರೆ, ಉದ್ಯೋಗ, ಕುಟುಂಬ ಎಲ್ಲವನ್ನೂ ಜೋಡಿಸಿದ ಆ ಮಾದರಿಯಲ್ಲಿ ಯಂತ್ರಕ್ಕಿಂತ ಮನುಷ್ಯರ ಒಡನಾಟಕ್ಕೆ ಪ್ರಾಧಾನ್ಯವಿತ್ತು.

ನೆಲಕ್ಕೆ ಒಗ್ಗಬೇಕು

2021ರ ಡಿಸೆಂಬರ್‌ನಲ್ಲಿ ಚನ್ನಗಿರಿ ತಾಲ್ಲೂಕು ನಲ್ಲೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳು ಶಿಕ್ಷಕರೊಬ್ಬರ ತಲೆಗೆ ಕಸದ ಬುಟ್ಟಿ ಕವುಚಿದ ದೃಶ್ಯ ಮೊಬೈಲ್‌ಗಳಲ್ಲಿ ಹರಿದಾಡಿತ್ತು. ಅಲ್ಲಿ ಚಾಕು ಇರಲಿಲ್ಲ. ಆದರೆ ಗೆಳೆಯರ ಮುಂದೆ ಮೆರೆಯುವ ಹುಮ್ಮಸ್ಸು ಮತ್ತು ಅದಕ್ಕೆ ಕಾದಿದ್ದ ಕ್ಯಾಮೆರಾ ಇದ್ದವು. ಚಾಕು ಹಿಡಿಯುವ ಹುಡುಗನನ್ನು ಹುರಿದುಂಬಿಸುವುದೂ ಇಂಥದೇ ವಾತಾವರಣ.

ಆದ್ದರಿಂದ ಈ ತಾಲ್ಲೂಕುಗಳಿಗೆ ವಿಆರ್ ತರುವುದಾದರೆ ಕಥೆ ಬರ್ಮಿಂಗ್‌ಹ್ಯಾಮ್‌ನದಾಗಿರಬಾರದು. ಹಾಸ್ಟೆಲ್ ಕೋಣೆ, ಬಸ್ ನಿಲ್ದಾಣ, ಜಾತ್ರೆ, ಕ್ರಿಕೆಟ್ ಮೈದಾನ, ನಿರಾಕರಣೆಗೊಂಡ ಪ್ರೇಮ, ಮೊಬೈಲ್‌ನಲ್ಲಿ ಆದ ಅವಮಾನ ಇವುಗಳಲ್ಲಿ ಹುಟ್ಟುವ ಜಗಳಗಳು ಇಲ್ಲಿಯ ಆಡುಮಾತಿನಲ್ಲೇ ಮೂಡಿಬರಬೇಕು. ಕನ್ನಡಕ ತೆಗೆದ ಮೇಲೆ ಮಾತನಾಡಿಸಲು ತರಬೇತಿ ಪಡೆದ ಶಿಕ್ಷಕರು ಬೇಕು. ಮನಸ್ಸು ಕದಡಿದವರಿಗೆ ಆಪ್ತ ಸಮಾಲೋಚನೆ ದೊರೆಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಪ್ರತಿ ಶಾಲೆಯ ಗೋಡೆಯ ಮೇಲಿರಬೇಕು.

ಇವೆಲ್ಲ ಇಲ್ಲದೆ ಕೊಂಡ ಉಪಕರಣಗಳು ಉದ್ಘಾಟನೆಯ ಮರುದಿನವೇ ಬೀರು ಸೇರುವ ಅಪಾಯವಿದೆ. ಮೊದಲು ಕೆಲವೇ ಶಾಲೆಗಳಲ್ಲಿ ಪ್ರಯೋಗ ನಡೆಸಿ, ಒಂದು ವರ್ಷದ ನಂತರ ಅಲ್ಲಿನ ಹೊಡೆದಾಟಗಳು ಇಳಿದಿವೆಯೇ ಎಂದು ಲೆಕ್ಕ ಹಾಕಿ, ಅನಂತರವಷ್ಟೇ ವಿಸ್ತರಿಸುವುದು ವಿವೇಕದ ಹಾದಿ. ಸಾಧನಕ್ಕೆ ಹಣ ಹೊಂದಿಸುವುದು ಸುಲಭ. ಸಿಟ್ಟಿಗೆದ್ದ ಹುಡುಗನ ಮಾತು ಕೇಳಿಸಿಕೊಳ್ಳುವ ಹಿರಿಯರನ್ನು ಹೊಂದಿಸುವುದೇ ಶಿಕ್ಷಣ ಮತ್ತು ಪೊಲೀಸ್ ಇಲಾಖೆಗಳ ಮುಂದಿರುವ ಕಠಿಣ ಹೊಣೆ.