ಸೂಜಿಯ ಲೆಕ್ಕವೂ ಬೇಕು

ಲಸಿಕೆ ಅಭಿಯಾನ ಮುಗಿದ ಸಂಜೆ ಎಷ್ಟು ಮಕ್ಕಳಿಗೆ ಹಾಕಲಾಯಿತು ಎಂಬ ಲೆಕ್ಕ ಪತ್ರಿಕೆಗೆ ಬರುತ್ತದೆ. ಎಷ್ಟು ಸೂಜಿ ವಾಪಸ್ ಬಂದವು ಎಂಬುದು ಬರುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಗಳಿಗಷ್ಟೇ ಅಲ್ಲ, ಲಸಿಕೆ ಮತ್ತು ರಕ್ತದಾನ ಶಿಬಿರಗಳಿಗೂ ಅನ್ವಯಿಸುತ್ತವೆ. ಹಬ್ ಕಟರ್‌ನಲ್ಲಿ ಕತ್ತರಿಸಿದ ಸೂಜಿ ತೂತಾಗದ ಬಿಳಿ ಡಬ್ಬಿಗೆ, ಸಿರಿಂಜಿನ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. ರಕ್ತ ತಾಗಿದ ಹತ್ತಿಯಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ.

ಹಾವೇರಿಯ ದೊಡ್ಡ ಆಸ್ಪತ್ರೆಯಲ್ಲಿ ಇದು ಸಲೀಸು. ಬ್ಯಾಡಗಿ ತಾಲ್ಲೂಕಿನ ಹಳ್ಳಿಯ ಅಂಗನವಾಡಿಯಲ್ಲೋ, ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರ ನಡುವೆಯೋ ಶಿಬಿರ ನಡೆದರೆ ಅಷ್ಟು ಸಲೀಸಲ್ಲ. ಡಬ್ಬಿಯನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಹೊರೆಯನ್ನು ಇಡೀ ದಿನ ದುಡಿದ ಕಾರ್ಯಕರ್ತೆಯರ ಮೇಲೆ ಹೇರುವುದು ನ್ಯಾಯವಲ್ಲ. ಅಂದೇ ಸಂಜೆ ಇಲಾಖೆಯ ವಾಹನ ಹೋಗಲಿ. ಒಂದು ಸೂಜಿ ಮನೆಗಸಕ್ಕೆ ಬಿದ್ದರೂ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು.

ಇನ್ನು ಅಭಿಯಾನದ ಬ್ಯಾನರ್! ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆರೋಗ್ಯ ಸಂದೇಶಕ್ಕೇನೂ ವಿನಾಯಿತಿ ಬೇಡ. ಗೋಡೆಬರಹ ಬರೆಯುವ ಪೇಂಟರುಗಳಿಗೆ ರಾಣೆಬೆನ್ನೂರಿನಲ್ಲಿ ಬರವೇ? ಜಿಲ್ಲಾಡಳಿತ ಮುಂದಿನ ಅಭಿಯಾನದಿಂದಲೇ ಲಸಿಕೆಯ ಅಂಕಿಯ ಪಕ್ಕದಲ್ಲಿ ಸೂಜಿಯ ಅಂಕಿಯನ್ನೂ ಪ್ರಕಟಿಸಲಿ.