ಕರಿಬೇವಿನ ಗಿಡದ ಅತಿಥಿ
ಹಿತ್ತಲಿನ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ, ಕಿತ್ತೆಸೆಯುವ ಮುನ್ನ ಮಕ್ಕಳನ್ನು ಕರೆದು ತೋರಿಸಿ. ಹತ್ತಿರ ಹೋಗಿ ನೋಡಿದರೆ ಅದು ಚಿಟ್ಟೆಯ ಮರಿಹುಳು ಆಗಿರಬಹುದು. ಕರಿಬೇವು, ನಿಂಬೆ, ಬಿಲ್ವ ಒಂದೇ ಕುಟುಂಬದ ಗಿಡಗಳು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮೊಟ್ಟೆಯಿಡಲು ಈ ಕುಟುಂಬವನ್ನೇ ಹುಡುಕಿಕೊಂಡು ಬರುತ್ತದೆ. ಹೆಣ್ಣು ಚಿಟ್ಟೆ ಮುಂಗಾಲುಗಳಿಂದ ಎಲೆಯನ್ನು ತಟ್ಟಿ ರುಚಿ ನೋಡುತ್ತದೆ. ಹೌದು, ಅದು ಕಾಲಿನಿಂದಲೇ ರುಚಿ ಹಿಡಿಯಬಲ್ಲದು! ಎಳೆಯ ಹುಳುವಿಗೆ ಹಿಕ್ಕೆಯ ವೇಷ, ಬಲಿತ ಮೇಲೆ ಎಲೆಹಸಿರು. ಕಡ್ಡಿಯಿಂದ ಮೆಲ್ಲಗೆ ಸೋಕಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಹೊರಚಾಚಿ, ಘಾಟು ವಾಸನೆ ಬಿಟ್ಟು, ಮತ್ತೆ ಒಳಸೇರುತ್ತದೆ. ಪಠ್ಯಪುಸ್ತಕದಲ್ಲಿ ಚಿಟ್ಟೆಯ ಜೀವನಚಕ್ರವನ್ನು ಬಾಣದ ಗುರುತುಗಳೊಡನೆ ಬಿಡಿಸಿ ಅಂಕ ಪಡೆದ ಎಷ್ಟೋ ಮಕ್ಕಳು ಈ ಕೊಂಬನ್ನು ಕಂಡೇ ಇಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಕಾಡಿಗೆ ಹೋಗಲು ರಜೆ ಬೇಕು, ದುಡ್ಡು ಬೇಕು. ಇದಕ್ಕೆ ಕುಂಡದಲ್ಲಿ ಬೆಳೆದ ಒಂದು ಗಿಡ ಸಾಕು. ಔಷಧಿ ಸಿಂಪಡಿಸಬೇಡಿ, ಒಂದೆರಡು ಕೊಂಬೆಗಳನ್ನು ಹುಳುವಿಗೇ ಬಿಟ್ಟುಬಿಡಿ. ಒಗ್ಗರಣೆಗೆ ಉಳಿದದ್ದು ಸಾಲುತ್ತದೆ, ಗಿಡವೂ ಮತ್ತೆ ಚಿಗುರುತ್ತದೆ. ಮಗು ಪ್ರಶ್ನೆ ಕೇಳಿದರೆ ತಕ್ಷಣ ಮೊಬೈಲಿನಲ್ಲಿ ಉತ್ತರ ಹುಡುಕಿಕೊಡಬೇಡಿ. ನಾಳೆ ಇಬ್ಬರೂ ಸೇರಿ ಇನ್ನೊಮ್ಮೆ ನೋಡೋಣ ಎನ್ನಿ. ನೋಡುವುದಕ್ಕೆ ಬೇಕಾದಷ್ಟಿದೆ. ಈ ಜಾತಿಯ ಕೆಲವು ಹೆಣ್ಣುಗಳು, ಹಕ್ಕಿಗಳಿಗೆ ರುಚಿಸದ ಕಾಮನ್ ರೋಸ್ ಚಿಟ್ಟೆಯ ರೂಪವನ್ನೇ ಹೊತ್ತು ಬಚಾವಾಗುತ್ತವೆ. ಆ ರೋಸ್ ಚಿಟ್ಟೆಯ ಹುಳುಗಳಿಗೆ ಈಶ್ವರಿ ಬಳ್ಳಿಯೇ ಆಹಾರ. ಅದನ್ನೂ ಬೇಲಿಗೆ ಹಬ್ಬಿಸಿದರೆ ಅಸಲಿ, ನಕಲಿ ಎರಡನ್ನೂ ಒಂದೇ ಹಿತ್ತಲಿನಲ್ಲಿ ಹೋಲಿಸಿ ನೋಡುವ ಅವಕಾಶ ಸಿಗಬಹುದು.